ಮೂರು ಸೀಟಿನ ವ್ಯಾನಲ್ಲಿ ತಿರುಗುವ ಕುರ್ಚಿ

ನಾವಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ನಮ್ಮದು 2012ರ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್. ಇಲ್ಲಿ ಎಲ್ಲರೂ ಟಿ5 ಅಂತಲೇ ಕರೆಯುತ್ತಾರೆ. ಮೊದಲು ಯಾರೋ ಪ್ಲಂಬರ್ ಓಡಿಸುತ್ತಿದ್ದ ಗಾಡಿ. ಕ್ಯಾಬಿನ್ ಹಿಂದಿನ ತಗಡಿನ ಗೋಡೆ ಕಿತ್ತು, ಮಂಚ, ಒಲೆ, ಸಿಂಕು ಎಲ್ಲ ನಾನೇ ಕೂರಿಸಿದ್ದೆ. ಆದರೆ ಡ್ರೈವರ್ ಪಕ್ಕದಲ್ಲಿ ಇಬ್ಬರು ಕೂರುವ ಉದ್ದನೆ ಸೀಟು ಮಾತ್ರ ಹಾಗೇ ಉಳಿದಿತ್ತು. ಮಳೆ ಹಿಡಿದರೆ ನಾನು, ನನ್ನ ಹೆಂಡತಿ ಮಂಚದ ಅಂಚಲ್ಲಿ ಬಸ್ಸಿಗೆ ಕಾಯುವವರ ಹಾಗೆ ಒಂದೇ ಕಡೆ ಮುಖ ಮಾಡಿ ಕಾಫಿ ಕುಡಿಯುತ್ತಿದ್ದೆವು. ಇಂಗ್ಲೆಂಡಲ್ಲಿ ಮಳೆ ಹಿಡಿಯದ ದಿನ ಎಷ್ಟಿವೆ ಹೇಳಿ.

ಮುಂದಿನ ಸೀಟು ಹಿಂದಕ್ಕೆ ತಿರುಗಿದರೆ ಎದುರುಬದುರು ಕೂರಬಹುದು. ಅದಕ್ಕೆ ಸೀಟಿನ ಅಡಿ ಸ್ವಿವೆಲ್ ಹಾಕಬೇಕು, ಅಂದರೆ ಒಂದರ ಮೇಲೊಂದು ತಿರುಗುವ ಎರಡು ತಟ್ಟೆ. ಇಬ್ಬರ ಸೀಟನ್ನೇ ತಿರುಗಿಸುವ ಸ್ವಿವೆಲ್ ಕೂಡ ಸಿಗುತ್ತದೆ. ಆದರೆ ಅಷ್ಟು ಅಗಲದ ಸೀಟು ತಿರುಗಿ ನಿಂತರೆ ಓಡಾಡುವ ಜಾಗವೇ ಇರುವುದಿಲ್ಲ. ಡ್ರೈವರ್ ಸೀಟು ತಿರುಗಿಸೋಣ ಅಂದರೆ ಆ ಕಡೆ ಹ್ಯಾಂಡ್‌ಬ್ರೇಕ್ ಅಡ್ಡ. ಹಾಗಾಗಿ ಪಕ್ಕದ ಡಬಲ್ ಸೀಟು ತೆಗೆದು, ಒಂಟಿ ಸೀಟು, ನೆಲಕ್ಕೆ ಬಿಗಿಯುವ ಅದರ ಬೇಸ್, ನಡುವೆ ಸ್ವಿವೆಲ್ ಹಾಕುವುದು ಅಂತ ಆಯ್ತು.

ಸೀಟು ಹುಡುಕಿಕೊಂಡು ಗುಜರಿಗೆ ಹೋದೆ. ಮೊದಲು ಕಂಡದ್ದು ಹೊಸದರ ಹಾಗಿತ್ತು. ಕೈಯಲ್ಲಿ ಸವರುತ್ತಾ ಬಂದೆ, ಬೆನ್ನಿನ ಹೊರಬದಿಯ ಹೊಲಿಗೆ ಹತ್ತಿರ ಒಂದು ಸಣ್ಣ ಪಟ್ಟಿ ಬೆರಳಿಗೆ ಸಿಕ್ಕಿತು. ಬಗ್ಗಿ ನೋಡಿದರೆ ಅದರ ಮೇಲೆ 'ಏರ್‌ಬ್ಯಾಗ್' ಅಂತ ಬರೆದಿತ್ತು. ಕೆಳಗೆ ಹಳದಿ ಪ್ಲಗ್ ನೇತಾಡುತ್ತಿತ್ತು. ನಮ್ಮ ಗಾಡಿಯ ಸೀಟುಗಳಲ್ಲಿ ಏರ್‌ಬ್ಯಾಗ್ ಇಲ್ಲ. ವೈರೇ ಇಲ್ಲದ ಗಾಡಿಯಲ್ಲಿ ಸಿಡಿಮದ್ದು ತುಂಬಿದ ಸೀಟು ಇಟ್ಟುಕೊಂಡು ಏನು ಮಾಡಲಿ? ಬಟ್ಟೆ ಸ್ವಲ್ಪ ಮಾಸಿದ್ದರೂ ಪರವಾಗಿಲ್ಲ ಅಂತ ಪಟ್ಟಿ ಇಲ್ಲದ್ದನ್ನೇ ತಂದೆ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ಕಳಚದೆ ಆ ಹಳದಿ ಪ್ಲಗ್ ಮುಟ್ಟಲೇಬೇಡಿ. ಪ್ಲಗ್ ಬಿಚ್ಚಿಟ್ಟು ಇಗ್ನಿಷನ್ ತಿರುಗಿಸಿದರೆ ಎಚ್ಚರಿಕೆ ದೀಪ ಹತ್ತಿ ಕೂರುತ್ತದೆ. ಆ ದೀಪ ಉರಿಯುತ್ತಿದ್ದರೆ ಇಲ್ಲಿನ ವಾರ್ಷಿಕ ತಪಾಸಣೆ, ಅದೇ ಎಂಒಟಿ, ಫೇಲು.

ಸೀಟಿನಲ್ಲಿ ದುಡ್ಡು ಉಳಿಸಿದೆ, ಸ್ವಿವೆಲ್‌ನಲ್ಲಿ ಉಳಿಸಲಿಲ್ಲ. ಬೆಲ್ಟಿನ ಬಕಲ್ ಇರುವುದು ಸೀಟಿನ ಮೇಲೇ. ಗಾಡಿ ಎಲ್ಲಾದರೂ ಗುದ್ದಿದರೆ ಬಕಲ್ ಮೇಲೆ ಬೀಳುವ ಎಳೆತವೆಲ್ಲ ಸೀಟಿನಿಂದ ಸ್ವಿವೆಲ್‌ಗೆ, ಅಲ್ಲಿಂದ ಬೇಸ್‌ಗೆ, ಆಮೇಲೆ ನೆಲಕ್ಕೆ ಹೋಗುತ್ತದೆ. ನಡುವಿನ ಆ ಎರಡು ತಟ್ಟೆಗಳು ಬರೀ ಪೀಠೋಪಕರಣ ಅಲ್ಲ. ಎಳೆದು ಪರೀಕ್ಷೆ ಮಾಡಿದ್ದಕ್ಕೆ ಪ್ರಮಾಣಪತ್ರ ಇರುವ ಸ್ವಿವೆಲನ್ನೇ ತರಿಸಿದೆ.

ಕೆಲಸ ಮಾಡಿದ್ದು ಮನೆ ಮುಂದೆಯೇ, ನವೆಂಬರ್ ಚಳಿಯಲ್ಲಿ. ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಆದರೂ ಬಾಗಿಲ ಕಡೆಯ ಒಂದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಾಕೆಟ್ ಹಿಡಿಗೆ ಉದ್ದನೆ ಪೈಪು ತೂರಿಸಿ ಜಗ್ಗಿದೆ. 'ಟಕ್' ಅಂದಿತು. ಬೋಲ್ಟು ಮುರಿಯಿತು ಅಂತ ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ಸಡಿಲ ಆಗಿತ್ತು ಅಷ್ಟೇ. ಹಳೆ ಸೀಟು ಒಬ್ಬರಿಂದ ಆಗುವ ಭಾರ ಅಲ್ಲ. ಪಕ್ಕದ ಮನೆಯವರನ್ನು ಕರೆದು ಇಳಿಸಿದೆ. ಅಡಿಯಲ್ಲಿ ಪ್ಲಂಬರನ ಎರಡು ಪೆನ್ಸಿಲ್, ಒಂದು ತಾಮ್ರದ ಮೊಣಕೈ ಪೈಪು ಸಿಕ್ಕಿದವು.

ಒಂಟಿ ಬೇಸ್‌ಗೆ ಬೇಕಾದ ತೂತುಗಳು ನೆಲದಲ್ಲಿ ಮೊದಲೇ ಇರುತ್ತವೆ. ರಬ್ಬರ್ ಮ್ಯಾಟನ್ನು ಕತ್ತರಿಸಿ ಹುಡುಕಿಕೊಳ್ಳಬೇಕು. ನಾನು ತಪ್ಪಿದ್ದು ಸ್ವಿವೆಲ್ ಕೂರಿಸುವಾಗ. ಕೆಳತಟ್ಟೆಯ ಬೋಲ್ಟುಗಳು ಮೇಲ್ತಟ್ಟೆಯ ಅಡಿ ಅಡಗಿರುತ್ತವೆ. ಮೇಲಿನದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಬೋಲ್ಟು ಕಂಡಾಗ ಪಾನಾ ತೂರಿಸಬೇಕು. ಮೊದಲನೆಯದು ಕಂಡಿತು, ಖುಷಿಯಲ್ಲಿ ಪೂರ್ತಿ ಬಿಗಿದೆ. ನಾಲ್ಕನೆಯದರ ತೂತು ಒಂದು ಕೂದಲೆಳೆ ಪಕ್ಕಕ್ಕೆ! ಎಲ್ಲ ಬಿಚ್ಚಿ, ನಾಲ್ಕನ್ನೂ ಬೆರಳಲ್ಲೇ ಎರಡೆರಡು ಸುತ್ತು ಹತ್ತಿಸಿ, ಆಮೇಲೆ ಎದುರುಬದುರಾಗಿ ಬಿಗಿಯುತ್ತಾ ಬಂದೆ. ಕೊನೆಯ ಬಿಗಿತ, ಬಲ ಅಳೆದು ಬಿಗಿಯುವ ಟಾರ್ಕ್ ವ್ರೆಂಚಿನಲ್ಲಿ, ಸ್ವಿವೆಲ್ ಜೊತೆ ಬಂದ ಕಾಗದದಲ್ಲಿ ಇದ್ದಷ್ಟೇ. ಒಂದು ವಾರ ಓಡಿಸಿ ಮತ್ತೆ ನೋಡಿದಾಗ ಎರಡು ಬೋಲ್ಟು ಚೂರು ತಿರುಗಿದವು.

ಸೀಟು ಸುಮ್ನೆ ಗಿರ್ರನೆ ತಿರುಗುವುದಿಲ್ಲ. ಬಾಗಿಲು ತೆರೆದು, ಸೀಟಿನ ಬೆನ್ನು ನೆಟ್ಟಗೆ ಮಾಡಿ, ಅದರ ಅಡಿಯ ಹಳಿಯ ಮೇಲೆ ಹಿಂದೆ ಮುಂದೆ ಸರಿಸಿದರೆ ಬಾಗಿಲ ಕಂಬಕ್ಕೆ ತಾಗದೆ ದಾಟುತ್ತದೆ. ಹೊರಡುವ ಮುಂಚೆ ಮುಂದಕ್ಕೆ ತಿರುಗಿಸಿ, ಬೀಗ ಬಿತ್ತಾ ಅಂತ ಅಲ್ಲಾಡಿಸಿ ನೋಡುತ್ತೇನೆ. ಸೀಟು ಮೂರಿದ್ದದ್ದು ಎರಡಾಯಿತಲ್ಲ, ಅದನ್ನು ಇಲ್ಲಿನ ವಾಹನ ನೋಂದಣಿ ಕಚೇರಿ ಡಿವಿಎಲ್ಎಗೆ ಬರೆದು ಗಾಡಿಯ ದಾಖಲೆಯಲ್ಲಿ ತಿದ್ದಿಸಿದೆ. ಇನ್ಶೂರೆನ್ಸ್‌ನವರಿಗೂ ತಿಳಿಸಿದೆ.

ಎತ್ತರದ ವಿಷಯ ಮಾತ್ರ ನನ್ನ ತಲೆಗೇ ಹೊಳೆದಿರಲಿಲ್ಲ. ಸ್ವಿವೆಲ್ ದಪ್ಪ ಸುಮಾರು 4 ಸೆಂಟಿಮೀಟರ್. ಅಷ್ಟೂ ಸೀಟು ಮೇಲೇರುತ್ತದೆ. ಅದಕ್ಕೆಂದೇ ಗಿಡ್ಡ ಬೇಸ್ ಮಾರುತ್ತಾರೆ, ನಾನು ಮಾಮೂಲಿಯದ್ದು ತಂದಿದ್ದೆ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಸನದಿಂದ ಬಂದಿದ್ದ ಅಮ್ಮ ಹಿಂದಕ್ಕೆ ತಿರುಗಿ ಕೂತು, "ಸಿಂಹಾಸನ ಏನೋ ಚೆನ್ನಾಗಿದೆ ಕಣೋ, ಕಾಲು ನೇತಾಡ್ತಿದೆಯಲ್ಲೋ" ಅಂದರು. ಮಾರನೇ ದಿನ ಮಂಚಕ್ಕೆ ಬಳಸಿ ಉಳಿದಿದ್ದ ಪ್ಲೈವುಡ್ಡಲ್ಲಿ ಒಂದು ಮಣೆ ಮಾಡಿಕೊಟ್ಟೆ. ಓಡುವಾಗ ಅದು ಮಂಚದ ಕೆಳಗೆ ಹೋಗುತ್ತದೆ, ನಿಂತಾಗ ಅಮ್ಮನ ಕಾಲ ಕೆಳಗೆ.