ಬೀಳದ ನೀರಿನಲ್ಲಿ ಮೀಯುವುದು ಹೇಗೆ?

ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬಚ್ಚಲುಮನೆಯಿಲ್ಲ. ಎಲ್ಲವೂ ತೂಕವಿಲ್ಲದಂತೆ ತೇಲುವುದರಿಂದ ತಂಬಿಗೆ ಬಗ್ಗಿಸಿದರೂ ನೀರು ತಲೆಯ ಮೇಲೆ ಸುರಿಯದು. ಆರು ತಿಂಗಳು ಅಲ್ಲಿರುವವರಿಗೆ ದದ್ದು, ತುರಿಕೆ, ಒಣಚರ್ಮ ಸಾಮಾನ್ಯ. ಆದ್ದರಿಂದ ಮೈ ತೊಳೆಯುವುದಕ್ಕೂ ಒಂದು ಕ್ರಮವಿದೆ.

ಮೊದಲು ಪಾದಗಳನ್ನು ಹಿಡಿಕಂಬಿಯ ಕೆಳಗೆ ಸಿಕ್ಕಿಸಿಕೊಳ್ಳಬೇಕು. ಇಲ್ಲದಿದ್ದರೆ ಉಜ್ಜುವ ರಭಸಕ್ಕೆ ಮೈಯೇ ತೇಲಿಹೋಗುತ್ತದೆ. ಬಿಸಿನೀರಿನ ಪೊಟ್ಟಣದ ನಳಿಕೆಯನ್ನು ಚರ್ಮಕ್ಕೆ ತಾಗಿಸಿ ಮೆಲ್ಲಗೆ ಹಿಂಡಿ. ಮೇಲ್ಮೈ ಎಳೆತದಿಂದ ನೀರು ಲೋಳೆಯಂತೆ ಮೈಗೆ ಅಂಟಿಕೊಳ್ಳುತ್ತದೆ. ಅದನ್ನು ಅಂಗೈಯಿಂದ ಹರಡಿ. ಜೋರಾಗಿ ಹಿಂಡಿದರೆ ನೀರಿನ ಉಂಡೆಗಳು ಕಿತ್ತುಕೊಂಡು ಉಪಕರಣಗಳತ್ತ ಹೋಗುತ್ತವೆ. ಬಳಿಕ ತೊಳೆಯಬೇಕಿಲ್ಲದ ಸೋಪಿನ ಕೆಲವೇ ಹನಿ ಸಾಕು. ಕಂಕುಳು, ತೊಡೆಸಂದು, ಬೆರಳ ಸಂದುಗಳನ್ನು ಒದ್ದೆ ಟವೆಲಿನಿಂದ ಒರೆಸಿ, ಕೊನೆಗೆ ಒಣ ಟವೆಲ್. ನೊರೆ ಹೆಚ್ಚಾದರೆ ಅದನ್ನು ತೆಗೆಯಲು ನೀರಿಲ್ಲ. ಉಳಿದ ಅಂಶವೇ ತುರಿಕೆಗೆ ದಾರಿ.

ಟವೆಲಿನಿಂದ ಆರಿದ ತೇವವನ್ನು ಯಂತ್ರಗಳು ಹಿಡಿದು, ಶುದ್ಧೀಕರಿಸಿ, ಮತ್ತೆ ಕುಡಿಯುವ ನೀರಾಗಿಸುತ್ತವೆ. ಬೇಗ ಆವಿಯಾಗುವ ಆಲ್ಕೋಹಾಲ್ ಈ ವ್ಯವಸ್ಥೆಗೆ ಹೊರೆ. ಹಾಗಾಗಿ ಆಲ್ಕೋಹಾಲ್ ಇರುವ ಲೋಷನ್‌ಗಳಿಗೆ ಅಲ್ಲಿ ಕಡಿವಾಣವಿದೆ.

ದಿನಕ್ಕೆ ಸುಮಾರು ಎರಡು ಗಂಟೆಯ ವ್ಯಾಯಾಮವಿರುತ್ತದೆ. ಬೆವರು ಇಳಿದುಹೋಗದೆ ಬೆನ್ನ ಮೇಲೆ ಮಡುಗಟ್ಟುತ್ತದೆ. ಉಪ್ಪು ಚರ್ಮದಲ್ಲೇ ಉಳಿಯುತ್ತದೆ. ಕೊನೆಯವರೆಗೆ ಕಾಯದೆ ನಡುನಡುವೆ ಒರೆಸಿಕೊಳ್ಳಿ, ವ್ಯಾಯಾಮಕ್ಕೆ ಕಟ್ಟಿಕೊಳ್ಳುವ ಎದೆಪಟ್ಟಿಯ ಅಡಿಯಲ್ಲಂತೂ ಬಿಡದೆ.

ಎಲ್ಲಕ್ಕಿಂತ ವಿಚಿತ್ರ ಪಾದದ್ದು. ನೆಲ ತುಳಿಯುವ ಕೆಲಸವಿಲ್ಲದೆ ಅಂಗಾಲಿನ ದಪ್ಪ ಚರ್ಮ ಸುಲಿದು ಮಗುವಿನ ಪಾದದಷ್ಟು ಮೆತ್ತಗಾಗುತ್ತದೆ. ಕಂಬಿಗೆ ಸದಾ ಸಿಕ್ಕಿಕೊಳ್ಳುವ ಪಾದದ ಮೇಲ್ಭಾಗ ಮಾತ್ರ ಒರಟಾಗಿ ಜಡ್ಡುಗಟ್ಟುತ್ತದೆ. ಕಾಲುಚೀಲವನ್ನು ಗಾಳಿ ಎಳೆದುಕೊಳ್ಳುವ ಕಿಂಡಿಯ ಹತ್ತಿರ, ಕೊಡವದೆ, ನಿಧಾನವಾಗಿ ಕಳಚಬೇಕು. ಇಲ್ಲವಾದರೆ ಸತ್ತ ಚರ್ಮದ ಹೊಟ್ಟು ತೇಲಿ ಜೊತೆಯವರ ಕಣ್ಣಿಗೆ, ಮೂಗಿಗೆ ಹೋದೀತು. ಕಿಂಡಿಯ ಜಾಲರಿಯಲ್ಲಿ ನಿಂತದ್ದನ್ನು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಬಹುದು.

ನಿಲ್ದಾಣದ ಹೊರಗೆ ಬಾಹ್ಯಾಕಾಶ ನಡಿಗೆಗೆ ಹೋಗುವ ಮುನ್ನ ಉಗುರು ಕತ್ತರಿಸಿಕೊಳ್ಳಿ. ಗಾಳಿ ತುಂಬಿದ ಕೈಗವಸು ಬಿಗಿದ ಬಲೂನಿನಂತೆ ಎದುರು ಒತ್ತುತ್ತದೆ. ಗಂಟೆಗಟ್ಟಲೆ ದುಡಿದರೆ ಉಗುರು ಬುಡದಿಂದ ಬಿಡುವುದುಂಟು.

ಮರಳಿದ ಮೇಲೂ ಕೆಲವು ದಿನ ಎಚ್ಚರ ಬೇಕು. 340 ದಿನ ಮೇಲಿದ್ದು 2016ರ ಮಾರ್ಚ್‌ನಲ್ಲಿ ಇಳಿದ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿಗೆ ಕೂತರೆ, ಮಲಗಿದರೆ ಒತ್ತಿದ ಕಡೆಯೆಲ್ಲ ಚರ್ಮ ಉರಿಯುತ್ತಿತ್ತು. ಸಡಿಲ, ಮೆತ್ತನೆಯ ಹತ್ತಿ ಬಟ್ಟೆ ತೊಟ್ಟು, ಮಗ್ಗುಲು ಬದಲಿಸುತ್ತಾ ಮಲಗಬೇಕು. ಅಂಗಾಲಿಗೆ ಮೊದಲ ದಿನಗಳಲ್ಲಿ ಮೆತ್ತನೆ ಪಾದರಕ್ಷೆಯೇ ಸರಿ.