ನೋವು ಮೊಣಕೈಯಲ್ಲಿ, ತಪ್ಪು ಬೆರಳಲ್ಲಿ

ಒದ್ದೆ ಟವೆಲ್ ಹಿಂಡುವಾಗ ಮೊದಲ ಸಲ ಗೊತ್ತಾಯಿತು. ಬಲ ಮೊಣಕೈ ಒಳಬದಿಯಲ್ಲಿ, ಮೂಳೆ ಉಬ್ಬಿರುವ ಜಾಗದಲ್ಲಿ ಚುಳ್ ಅಂತು. ಅಲ್ಲಿಂದ ಮುಂಗೈ ಅರ್ಧದವರೆಗೂ ಸೆಳೆತ. ಆಮೇಲೆ ಬಾಟಲಿ ಮುಚ್ಚಳ ತಿರುಗಿಸುವಾಗ, ಬೀಗ ತೆಗೆಯುವಾಗ, ಬೆಳಗ್ಗೆ ಕೈ ಊರಿ ಏಳುವಾಗ ಕೂಡ ಶುರುವಾಯಿತು. ಬಿಲ್ಲುಗಾರಿಕೆಯ ಅಭ್ಯಾಸಕ್ಕೆ ಹೋಗಿ ಬಿಲ್ಲು ಹಿಡಿದರೆ ಮಾತ್ರ ಹತ್ತು ಬಾಣ ಬಿಡುವಷ್ಟರಲ್ಲಿ ನೋವು ಕರಗಿಹೋಗುತ್ತಿತ್ತು. ಕೈ ಬೆಚ್ಚಗಾದರೆ ಸಾಕು, ಸರಿಹೋಗುತ್ತದೆ ಅಂದುಕೊಂಡು ಎರಡು ತಿಂಗಳು ಹಾಗೇ ನಡೆಸಿದೆ. ಮೈ ಬಿಸಿಯಾದಾಗ ಮಾಯವಾಗಿ ರಾತ್ರಿ ಮತ್ತೆ ಬರುವುದು ಈ ನೋವಿನ ಸ್ವಭಾವವೇ ಅಂತ ಆಗ ತಿಳಿದಿರಲಿಲ್ಲ.

ನಾವು ಇಂಥದ್ದಕ್ಕೆಲ್ಲ 'ನರ ಹಿಡಿದುಕೊಂಡಿದೆ' ಅಂದುಬಿಡುತ್ತೇವೆ. ಇಲ್ಲಿ ನೊಂದಿದ್ದು ನರ ಅಲ್ಲ, ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಬೆರಳು ಮಡಿಸುವ, ಮಣಿಕಟ್ಟು ಬಗ್ಗಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳಲ್ಲಿ ಹಲವು ಮೊಣಕೈ ಒಳಗಿನ ಆ ಒಂದೇ ಉಬ್ಬಿಗೆ ಬಂದು ಅಂಟಿಕೊಳ್ಳುತ್ತವೆ. ಆ ಜಾಗ ನೊಂದರೆ ಗಾಲ್ಫರ್ಸ್ ಎಲ್ಬೋ ಅನ್ನುತ್ತಾರೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಹೊರಬದಿಯ ಉಬ್ಬಿಗೆ ಸೇರುತ್ತವೆ, ಅಲ್ಲಿ ನೊಂದರೆ ಟೆನಿಸ್ ಎಲ್ಬೋ. ಗಾಲ್ಫ್ ಕೋಲನ್ನೇ ಮುಟ್ಟದ ಬಿಲ್ಲುಗಾರರಿಗೂ ಎರಡೂ ಬರುತ್ತವೆ. ನನಗೆ ಎಳೆಯುವ ಬಲಗೈಯಲ್ಲಿ ಒಳಗಡೆ, ಬಿಲ್ಲು ಹಿಡಿಯುವ ಎಡಗೈಯಲ್ಲಿ ಆಮೇಲೆ ಹೊರಗಡೆ ಬಂತು.

ಯಾಕೆ ಬಂತು ಅಂತ ಕೂತು ಲೆಕ್ಕ ಹಾಕಿದಾಗ ಕಣ್ಣು ತೆರೆಯಿತು. ಸ್ಪರ್ಧೆ ಹತ್ತಿರ ಬಂದಿತ್ತು ಅಂತ ನನ್ನ ರಿಕರ್ವ್ ಬಿಲ್ಲಿನ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) 28 ಪೌಂಡ್ ಲಿಂಬ್, ಅಂದರೆ ಎಳೆದಾಗ ಬಾಗುವ ತೋಳುಗಳನ್ನು, ತೆಗೆದು 34 ಪೌಂಡಿನದು ಹಾಕಿದ್ದೆ. ಲಿಂಬ್ ಮೇಲೆ ಬರೆದಿರುವ ತೂಕ, ಅಂದರೆ ಎಳೆಯಲು ಬೇಕಾದ ಬಲ, 28 ಇಂಚು ಎಳೆದಾಗಿನದು. ಅದಕ್ಕಿಂತ ಒಂದೊಂದು ಇಂಚು ಜಾಸ್ತಿ ಎಳೆದರೂ ಸುಮಾರು 2 ಪೌಂಡ್ ಏರುತ್ತದೆ. ನನ್ನ ಎಳೆತ 30 ಇಂಚು. ಅಂದರೆ ಬೆರಳ ಮೇಲೆ 32 ಇದ್ದದ್ದು 38 ಆಯಿತು. ಅದೇ ವಾರ ಬಾಣಗಳನ್ನೂ ದಿನಕ್ಕೆ 60ರಿಂದ 120ಕ್ಕೆ ಏರಿಸಿದ್ದೆ. ಗುಣಿಸಿ ನೋಡಿ. ಮುಂಚೆ ದಿನಕ್ಕೆ 1,920 ಪೌಂಡ್, ಅಂದರೆ ಸುಮಾರು 870 ಕೆ.ಜಿ. ಆಮೇಲೆ 4,560 ಪೌಂಡ್, ಸುಮಾರು 2,070 ಕೆ.ಜಿ. ಮೂರೇ ಮೂರು ಬೆರಳ ಮೇಲೆ ದಿನಕ್ಕೆ ಎರಡು ಟನ್ನಿಗೂ ಜಾಸ್ತಿ, ಅದೂ ಒಂದೇ ವಾರದಲ್ಲಿ ಎರಡು ಪಟ್ಟು ದಾಟಿದ ಏರಿಕೆ. ಸುಸ್ತಾದ ಮೇಲೆ ಕ್ಲಿಕ್ಕರ್ (ಪೂರ್ತಿ ಎಳೆದಾಗ ಟಿಕ್ ಅನ್ನುವ ಪಟ್ಟಿ) ಬೀಳದೆ ಏಳೆಂಟು ಸೆಕೆಂಡ್ ಹಿಡಿದುಕೊಂಡು ನಡುಗಿದ್ದು, ಬಾಣ ಬಿಡದೆ ಇಳಿಸಿದ್ದು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಸ್ನಾಯು ಕೆಲವೇ ವಾರದಲ್ಲಿ ಬಲವಾಗುತ್ತದೆ. ರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ನಾನು ಅದಕ್ಕೆ ಏಳು ದಿನ ಕೊಟ್ಟಿದ್ದೆ.

ಮೂರು ವಾರ ಬಿಲ್ಲು ಮುಟ್ಟಲಿಲ್ಲ. ನೋವು ಹೋಯಿತು. ಖುಷಿಯಿಂದ ಅದೇ 38 ಪೌಂಡಿಗೆ ವಾಪಸ್ ಹೋದೆ, ಮೂರನೇ ದಿನ ಮುಂಚಿಗಿಂತ ಜೋರಾಗಿ ಬಂತು. ಆಮೇಲೆ ನೋವಿನ ಮಾತ್ರೆ ನುಂಗಿ ಅಭ್ಯಾಸಕ್ಕೆ ಹೋದೆ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಕೈ 'ಸಾಕು ನಿಲ್ಲಿಸು' ಅನ್ನುವುದನ್ನು ಕೇಳಿಸಿಕೊಳ್ಳದ ಹಾಗೆ ಕಿವಿ ಮುಚ್ಚಿಕೊಂಡಂತೆ ಅದು. ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೋ, ವಾರದಲ್ಲಿ ಸರಿಹೋಗುತ್ತೆ ಅಂದವರೂ ಇದ್ದರು. ಮೊದಲ ವಾರಗಳಲ್ಲಿ ಆರಾಮ ಸಿಗುವುದು ನಿಜ. ಆದರೆ 2013ರಲ್ಲಿ ಟೆನಿಸ್ ಎಲ್ಬೋ ಬಗ್ಗೆ ಬಂದ ಅಧ್ಯಯನದಲ್ಲಿ, ಒಂದು ವರ್ಷ ಕಳೆದ ಮೇಲೆ ಆ ಇಂಜೆಕ್ಷನ್ ತೆಗೆದುಕೊಂಡವರೇ ಹಿಂದೆ ಬಿದ್ದಿದ್ದರು. ನಾನು ಬೇಡ ಅಂದೆ.

ಕೊನೆಗೆ ಫಿಸಿಯೊ ಮೇಡಂ ಹತ್ತಿರ ಹೋದೆ. ಒಳಗಿನ ಉಬ್ಬಿನ ಸ್ವಲ್ಪ ಕೆಳಗೆ ಹೆಬ್ಬೆರಳು ಒತ್ತಿದರು, ಅಂಗೈ ಮೇಲೆ ಮಾಡಿಸಿ ಅವರ ಕೈಗೆ ಎದುರಾಗಿ ಮಣಿಕಟ್ಟು ಬಗ್ಗಿಸಲು ಹೇಳಿದರು. ಎರಡರಲ್ಲೂ ಅದೇ ನೋವು. "ಮುಂದಿನ ಸಲ ಬಿಲ್ಲು ತನ್ನಿ. ನೀವು ಹೆದೆ ಹೇಗೆ ಹಿಡಿಯುತ್ತೀರಿ ನೋಡಬೇಕು" ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಮೂವರೂ ನೋಡಿದೆವು, ಕೋಚ್ ಸರ್ ಸೇರಿ. ಹೆದೆ ನನ್ನ ಬೆರಳ ತುದಿಯ ಮಾಂಸದ ಮೇಲೆ ಕೂತಿತ್ತು. ಜಾರಿಹೋಗುತ್ತದೆ ಅನ್ನುವ ಭಯಕ್ಕೆ ಬೆರಳೆಲ್ಲ ಬಿಗಿದಿದ್ದವು. ಗೆಣ್ಣುಗಳು ಮುಷ್ಟಿ ಕಟ್ಟಿದ ಹಾಗೆ ಎದ್ದಿದ್ದವು, ಮಣಿಕಟ್ಟು ಹೊರಕ್ಕೆ ಉಬ್ಬಿತ್ತು. "ನೀವು ಬೆನ್ನಿಂದ ಎಳೆಯುತ್ತಿಲ್ಲ, ಮುಂಗೈಯಿಂದ ಎಳೆಯುತ್ತಿದ್ದೀರಿ" ಅಂದರು ಕೋಚ್ ಸರ್.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಒಂದು ಹಗ್ಗದ ಕುಣಿಕೆ ಕಟ್ಟಿ. ಎಳೆಯುವ ಕೈಯ ಮೂರು ಬೆರಳ ತುದಿಯಿಂದ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿಗೆ ಕುಣಿಕೆ ಸಿಕ್ಕಿಸಿ ಎಳೆಯಿರಿ. ಯಾರಿಗಾದರೂ ನಿಮ್ಮ ಮುಂಗೈ ಒಳಭಾಗ ಮುಟ್ಟಿ ನೋಡಲು ಹೇಳಿ. ಕಲ್ಲಿನ ಹಾಗಿರುತ್ತದೆ. ಈಗ ಹಗ್ಗವನ್ನು ತುದಿಯ ಗೆಣ್ಣಿನ ಗೆರೆಗೆ, ನಡುಬೆರಳಲ್ಲಿ ಅದರ ಸ್ವಲ್ಪ ಹಿಂದಕ್ಕೆ, ಆಳವಾಗಿ ಕೂರಿಸಿ. ಬೆರಳು ಬರೀ ಕೊಕ್ಕೆ, ಅಷ್ಟೇ. ಅಂಗೈ ಹಿಂಭಾಗ ಚಪ್ಪಟೆ, ಮಣಿಕಟ್ಟು ನೇರ, ಹೆಬ್ಬೆರಳು ಸಡಿಲ. ಮೊಣಕೈಗೆ ದಾರ ಕಟ್ಟಿ ಯಾರೋ ಹಿಂದಿನಿಂದ ಎಳೆದ ಹಾಗೆ, ಭುಜದ ಹಲಗೆ ಮೂಳೆ ಬೆನ್ನುಮೂಳೆ ಕಡೆಗೆ ಸರಿಯುವಂತೆ ಎಳೆಯಿರಿ. ಅದೇ ಮುಂಗೈ ಎಷ್ಟು ಮೆತ್ತಗಾಗುತ್ತದೆ ನೋಡಿ. ನನಗಂತೂ ಆ ವ್ಯತ್ಯಾಸ ನಂಬಲಾಗಲಿಲ್ಲ. ಹೆದೆ ಬೆರಳ ತುದಿಗೆ ಹೋದಷ್ಟೂ ಬೆರಳು ಬಿಚ್ಚಿಕೊಳ್ಳದ ಹಾಗೆ ತಡೆಯಲು ಮುಂಗೈ ಸ್ನಾಯು ಜಾಸ್ತಿ ದುಡಿಯಬೇಕು. ಆ ದುಡಿತವೆಲ್ಲ ಹೋಗಿ ಬೀಳುವುದು ಮೊಣಕೈ ಮೇಲೆ.

ಇನ್ನು ವ್ಯಾಯಾಮ. ಬರೀ ವಿಶ್ರಾಂತಿಯಿಂದ ರಜ್ಜು ಬಲವಾಗುವುದಿಲ್ಲ, ಅದಕ್ಕೆ ಹದವಾದ ಭಾರ ಬೇಕು ಅಂತ ಮೇಡಂ ಬಿಡಿಸಿ ಹೇಳಿದರು. ಮೊದಲ ಎರಡು ವಾರ ಅಲುಗಾಡದ ವ್ಯಾಯಾಮ. ಮುಂಗೈ ಮೇಜಿನ ಮೇಲೆ, ಅಂಗೈ ಮೇಲ್ಮುಖ, ಮಣಿಕಟ್ಟು ಅಂಚಿನಿಂದ ಆಚೆ. 1 ಕೆ.ಜಿ. ತೂಕ ಹಿಡಿದು ಮಣಿಕಟ್ಟು ನೇರವಾಗಿಟ್ಟು 45 ಸೆಕೆಂಡ್ ಸುಮ್ನೆ ಹಿಡಿದುಕೊಳ್ಳುವುದು, ಹೀಗೆ 5 ಸಲ. ಆಮೇಲೆ ಅದೇ ಭಂಗಿಯಲ್ಲಿ ನಿಧಾನವಾಗಿ ಎತ್ತಿ, ಇನ್ನೂ ನಿಧಾನವಾಗಿ ಇಳಿಸುವುದು. 15ರಂತೆ 3 ಸುತ್ತು, ದಿನ ಬಿಟ್ಟು ದಿನ. ಮೂರು ತಿಂಗಳಲ್ಲಿ 3 ಕೆ.ಜಿ.ಗೆ ಬಂದೆ. ಜೊತೆಗೆ ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು, ಬೆನ್ನಿಗಾಗಿ ಎಲಾಸ್ಟಿಕ್ ಬ್ಯಾಂಡ್ ಎಳೆಯುವುದು. ನೋವು ಪೂರ್ತಿ ಸೊನ್ನೆ ಇರಬೇಕು ಅಂತಿರಲಿಲ್ಲ. ಹತ್ತರಲ್ಲಿ ಮೂರರವರೆಗೆ ಪರವಾಗಿಲ್ಲ, ಆದರೆ ಮಾರನೇ ದಿನ ಬೆಳಗ್ಗೆ ಹೆಚ್ಚಾಗಿರಬಾರದು. ಹೆಚ್ಚಾಗಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿ ಆಯಿತು ಅಂತ ಅರ್ಥ. ಮೊಣಕೈ ಕೆಳಗೆ ಎರಡು ಬೆರಳು ಅಂತರದಲ್ಲಿ ಕಟ್ಟುವ ಪಟ್ಟಿ ದಿನದ ಕೆಲಸಕ್ಕೆ ನೆರವಾಯಿತು. ವಾಸಿ ಮಾಡಿದ್ದು ಅದಲ್ಲ.

ಬಿಲ್ಲಿಗೆ ವಾಪಸ್ ಬಂದಿದ್ದು ಆರನೇ ವಾರ. ಎರವಲು ತಂದ ಹಗುರ ಲಿಂಬ್, ನನ್ನ ಬೆರಳ ಮೇಲೆ 24 ಪೌಂಡ್. ಗುರಿ ಹಾಳೆ ಇಲ್ಲದ ಬೇಲ್ (ಬಾಣ ನಾಟುವ ದಪ್ಪ ದಿಂಡು) ಮುಂದೆ 5 ಮೀಟರ್ ದೂರದಲ್ಲಿ ನಿಂತು 20 ಬಾಣ, ದಿನ ಬಿಟ್ಟು ದಿನ. ಅಂಕ ಇಲ್ಲದಿದ್ದರೆ ಮನಸ್ಸು ಪೂರ್ತಿ ಬೆರಳ ಮೇಲೆ ಇರುತ್ತದೆ. ಬಾಣದ ಸಂಖ್ಯೆ ಮತ್ತು ತೂಕ, ಎರಡನ್ನೂ ಒಂದೇ ವಾರ ಏರಿಸಲೇ ಇಲ್ಲ. ಮೊದಲು ಬಾಣ 60ಕ್ಕೆ ಬರಬೇಕು, ಎರಡು ವಾರ ಬೆಳಗಿನ ನೋವು ಒಂದಕ್ಕಿಂತ ಕೆಳಗೆ ನಿಲ್ಲಬೇಕು, ಆಮೇಲೆ 2 ಪೌಂಡ್. ಲಿಂಬ್ ಬೋಲ್ಟ್ ತಿರುಗಿಸಿ ಹತ್ತು ಪರ್ಸೆಂಟ್ ಆಸುಪಾಸು ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಇದು ಕಷ್ಟವಾಗಲಿಲ್ಲ. ಬೋ ಸ್ಕೇಲ್‌ನಲ್ಲಿ ತೂಗಿ ನೋಡದೆ ಯಾವ ಸಂಖ್ಯೆಯನ್ನೂ ನಂಬಲಿಲ್ಲ.

ಎಡಗೈ ಕಥೆ ಚಿಕ್ಕದು. ಬಾಣ ಬಿಟ್ಟ ತಕ್ಷಣ ಬಿಲ್ಲು ಬಿದ್ದುಹೋಗುತ್ತದೆ ಅಂತ ಹಿಡಿಯನ್ನು ಗಟ್ಟಿಯಾಗಿ ಹಿಚುಕುತ್ತಿದ್ದೆ. ಬಿಲ್ಲಿನ ಅದುರು ನೇರ ಮೊಣಕೈ ಹೊರಬದಿಗೆ ಹೋಗುತ್ತಿತ್ತು. ಬಿಲ್ಲು ಬೀಳದಂತೆ ತಡೆಯುವ ಸ್ಲಿಂಗ್ ದಾರವನ್ನು ಬೆರಳಿಗೆ ಕಟ್ಟಿ, ಹೆಬ್ಬೆರಳ ಬುಡದ ದಿಂಬಿನ ಮೇಲೆ ಮಾತ್ರ ಬಿಲ್ಲು ಒರಗುವ ಹಾಗೆ ಮಾಡಿ, ಬೆರಳು ಸಡಿಲ ಬಿಟ್ಟೆ. ಒಂದೂವರೆ ತಿಂಗಳಲ್ಲಿ ಸರಿಹೋಯಿತು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ನಮ್ಮ ಜೊತೆ ಅಭ್ಯಾಸ ಮಾಡುವ ಹುಡುಗಿಯೊಬ್ಬಳಿಗೂ ಒಳಬದಿಯಲ್ಲೇ ನೋವಿತ್ತು, ಆದರೆ ಉಂಗುರ ಬೆರಳು, ಕಿರುಬೆರಳು ಜುಮುಜುಮು ಅನ್ನುತ್ತಿದ್ದವು. ಅದು ನಿಜವಾಗಿಯೂ ನರದ್ದೇ ತೊಂದರೆ. ಆ ಉಬ್ಬಿನ ಹಿಂದೆಯೇ ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಹಾದುಹೋಗುತ್ತದೆ. ನನ್ನ ವ್ಯಾಯಾಮ ಅವಳಿಗೆ ಆಗುವುದಿಲ್ಲ. ಜೋಮು, ಹಿಡಿತ ಸಡಿಲವಾಗುವುದು, ಬಾವು, 'ಟಪ್' ಅಂತ ಸದ್ದಾಗಿ ಶುರುವಾದ ನೋವು, ಇದರಲ್ಲಿ ಯಾವುದಿದ್ದರೂ ಮೊದಲು ಡಾಕ್ಟರಿಗೆ ತೋರಿಸಿ.

24ರಿಂದ 34 ಪೌಂಡಿಗೆ ಬರಲು ಆರು ತಿಂಗಳು ಹಿಡಿಯಿತು. ಸದ್ಯ ಅಲ್ಲೇ ಇದ್ದೇನೆ. ಹಗುರ ಬಾಣಗಳಿಂದ 70 ಮೀಟರ್ ಮುಟ್ಟುತ್ತದೆ, ಕ್ಲಿಕ್ಕರ್ ಎರಡು ಮೂರು ಸೆಕೆಂಡಿಗೆ ಬೀಳುತ್ತದೆ. ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕೇ ಅಂಕಣ ಬರೆಯುತ್ತೇನೆ: ತಾರೀಖು, ಬಾಣ, ಪೌಂಡ್, ಮಾರನೇ ಬೆಳಗಿನ ನೋವು. ಸ್ಪರ್ಧೆಯ ದಿನ 72 ಬಾಣ, ಅದರ ಮುಂಚಿನ ಅಭ್ಯಾಸದ ಬಾಣಗಳೂ ಸೇರಿ ನೂರರ ಹತ್ತಿರ ಹೋಗುತ್ತದೆ. ಹಾಗಾಗಿ ಅದರ ಮೊದಲ ಮೂರು ವಾರ ಬಾಣದ ಸಂಖ್ಯೆಯನ್ನು ಸ್ವಲ್ಪಸ್ವಲ್ಪವೇ ಏರಿಸಿ, ಹಿಂದಿನ ಎರಡು ದಿನ ತೂಕದ ವ್ಯಾಯಾಮ ನಿಲ್ಲಿಸುತ್ತೇನೆ. ಬೇರೆ ದಿನಗಳಲ್ಲಿ ಅದನ್ನು ಬಿಟ್ಟಿಲ್ಲ.