ಚಾಸಿಸ್ ನಂಬರ್: ಮೊದಲು ಲೋಹ, ಆಮೇಲೆ ಕಾಗದ

ಅಪಘಾತಕ್ಕೀಡಾದ ವಾಹನಗಳನ್ನು ನೋಡಿ ನಷ್ಟದ ಅಂದಾಜನ್ನು ವಿಮಾ ಕಂಪನಿಗೆ ವರದಿ ಮಾಡುವ ಸರ್ವೇಯರ್ ಕೆಲಸ ನನ್ನದು. ಉಡುಪಿ, ಕುಂದಾಪುರ, ಬೈಂದೂರು ಕಡೆಯ ಗ್ಯಾರೇಜುಗಳಲ್ಲಿ ನನ್ನ ಹೆಚ್ಚಿನ ಹೊತ್ತು ಕಳೆಯುತ್ತದೆ. ಬಂಪರ್ ಎಷ್ಟು ಒಡೆದಿದೆ, ರೇಡಿಯೇಟರ್ ಉಳಿದಿದೆಯೇ ಎಂದು ನೋಡುವುದಕ್ಕೂ ಮುಂಚೆ, ಎದುರಿಗೆ ನಿಂತಿರುವ ವಾಹನ ಪಾಲಿಸಿಯಲ್ಲಿ ಬರೆದಿರುವ ವಾಹನವೇ ಹೌದೇ ಎಂಬುದು ನನಗೆ ಖಚಿತವಾಗಬೇಕು. ನಂಬರ್ ಪ್ಲೇಟ್ ಬಿಚ್ಚಿ ಮತ್ತೊಂದಕ್ಕೆ ಹಾಕಬಹುದಾದ ವಸ್ತುವಾದ್ದರಿಂದ ಅದನ್ನು ನಂಬಿ ವರದಿ ಬರೆಯಲಾಗುವುದಿಲ್ಲ. ಆದ್ದರಿಂದ ನಾನು ನಂಬುವುದು ಲೋಹದ ಮೇಲೆ ಕೊರೆದಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರನ್ನು.

ಈ ನಂಬರನ್ನು ಓದುವುದರಲ್ಲಿ ನಾನು ಪಾಲಿಸುವ ಕ್ರಮ ಒಂದೇ. ಆರ್‌ಸಿಯನ್ನು ಕೈಯಲ್ಲಿ ಹಿಡಿದುಕೊಂಡು ನಂಬರ್ ಹುಡುಕಲು ಹೋಗುವುದಿಲ್ಲ. ಕಾಗದದಲ್ಲಿರುವುದನ್ನು ಮೊದಲೇ ಓದಿಬಿಟ್ಟರೆ ಕಣ್ಣು ಅದನ್ನೇ ಲೋಹದ ಮೇಲೂ ಕಾಣುತ್ತದೆ. ಅಸ್ಪಷ್ಟವಾಗಿರುವ 8 ಮತ್ತು ಬಿ, 5 ಮತ್ತು ಎಸ್, 2 ಮತ್ತು ಝಡ್ ನಮಗೆ ಬೇಕಾದ ಹಾಗೆ ಕಾಣತೊಡಗುತ್ತವೆ. ಬೈಕು ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ನಂಬರ್ ಫ್ರೇಮಿನ ಮೇಲೆ, ಹೆಚ್ಚಿನ ಬೈಕುಗಳಲ್ಲಿ ಹ್ಯಾಂಡಲ್ ಕೂರುವ ದಪ್ಪ ಪೈಪಿನ ಪಕ್ಕದಲ್ಲಿ ಇರುತ್ತದೆ. ಕಾರುಗಳಲ್ಲಿ ಬಾನೆಟ್ ಎತ್ತಿದಾಗ ಎಂಜಿನ್ನಿನ ಹಿಂದೆ ಕಾಣುವ ತಗಡಿನ ಗೋಡೆಯ ಮೇಲೋ, ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ಟಿನಲ್ಲಿ ಮಾಡಿದ ಸಣ್ಣ ಮುಚ್ಚಳದ ಅಡಿಯಲ್ಲೋ ಸಿಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ಒರೆಸಿ, ಒಣಗಿದ ಮೇಲೆ ಪೆನ್ಸಿಲ್ ಸೀಸವನ್ನು ಅಡ್ಡಲಾಗಿ ಉಜ್ಜಿ, ಅದರ ಮೇಲೆ ಸೆಲ್ಲೊಟೇಪ್ ಒತ್ತಿ ಎತ್ತಿದರೆ ಅಕ್ಷರಗಳು ಟೇಪಿನ ಮೇಲೆ ಬಿಳಿಯಾಗಿ ಮೂಡುತ್ತವೆ. ಆರ್‌ಟಿಒ ಕಚೇರಿಯ ಅರ್ಜಿಗಳಲ್ಲಿ ಕೇಳುವ ‘ಪೆನ್ಸಿಲ್ ಪ್ರಿಂಟ್’ ಇದೇ. ಅಕ್ಷರಗಳ ಆಳ ಒಂದೇ ಸಮನಾಗಿದೆಯೇ, ಸಾಲು ನೇರವಾಗಿದೆಯೇ, ಒಂದು ಅಂಕಿ ಮಾತ್ರ ಬೇರೆ ಪಂಚಿನಿಂದ ಹೊಡೆದಂತಿದೆಯೇ ಎಂಬುದು ಫೋಟೊಗಿಂತ ಈ ಟೇಪಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಟೇಪನ್ನು ವರದಿಯ ಹಾಳೆಗೆ ಅಂಟಿಸಿದ ಮೇಲೆಯೇ ನಾನು ಆರ್‌ಸಿ ತೆಗೆದು ನೋಡುವುದು.

ನಂಬರಿನ ಒಳಗಿನ ವ್ಯವಸ್ಥೆ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 3779ರದ್ದು. ಮೊದಲ ಮೂರು ಸ್ಥಾನಗಳು ತಯಾರಕನನ್ನು ಸೂಚಿಸುತ್ತವೆ, ನಾಲ್ಕರಿಂದ ಒಂಬತ್ತರವರೆಗಿನವು ವಾಹನದ ಮಾದರಿ, ಬಾಡಿ, ಎಂಜಿನ್ ಮುಂತಾದ ವಿವರವನ್ನು ಹೇಳುತ್ತವೆ, ಕೊನೆಯ ಎಂಟು ಆ ಒಂದು ವಾಹನವನ್ನು ಮಾತ್ರ ಗುರುತಿಸುತ್ತವೆ. ನಮ್ಮಲ್ಲಿ ತಯಾರಾದ ವಾಹನಗಳಲ್ಲಿ ಬಹುಪಾಲಿನ ನಂಬರ್ ‘ಎಂ’ ಅಕ್ಷರದಿಂದಲೇ ಆರಂಭವಾಗುತ್ತದೆ. ಎಂಎ3 ಕಂಡರೆ ಮಾರುತಿ ಸುಝುಕಿ, ಎಂಎ1 ಮಹೀಂದ್ರ, ಎಂಎಟಿ ಟಾಟಾ, ಎಂಎಎಲ್ ಹುಂಡೈ, ಎಂಬಿಜೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್, ಎಂಬಿಎಲ್ ಹೀರೊ, ಎಂಡಿ2 ಬಜಾಜ್, ಎಂಡಿ6 ಟಿವಿಎಸ್. ಇಷ್ಟು ಬಾಯಿಪಾಠವಾಗಿದ್ದರೆ ಸಾಕು, ಬಾನೆಟ್ಟಿನ ಲಾಂಛನಕ್ಕೂ ಲೋಹದ ಮೇಲಿನ ಮೂರು ಅಕ್ಷರಕ್ಕೂ ತಾಳೆಯಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದೇ ಕಂಪನಿಗೆ ಒಂದಕ್ಕಿಂತ ಹೆಚ್ಚು ಸಂಕೇತಗಳಿರುವುದೂ ಉಂಟು, ಆದ್ದರಿಂದ ಪರಿಚಯವಿಲ್ಲದ ಸಂಕೇತ ಕಂಡ ಮಾತ್ರಕ್ಕೆ ಮಾಲೀಕರನ್ನು ಅನುಮಾನಿಸುವುದು ಸರಿಯಲ್ಲ.

ಐ, ಒ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಗೆ ಈ ನಂಬರಿನಲ್ಲಿ ಎಲ್ಲಿಯೂ ಜಾಗವಿಲ್ಲ, ಏಕೆಂದರೆ ಅವು 1 ಮತ್ತು 0 ಅಂಕಿಗಳ ಜೊತೆ ಬೆರೆತುಹೋಗುತ್ತವೆ. ದಿನನಿತ್ಯದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವ ನಿಯಮ ಇದೇ. ಪಾಲಿಸಿಯಲ್ಲಿ ‘ಒ’ ಅಕ್ಷರ ಕಂಡರೆ ಟೈಪ್ ಮಾಡಿದವರು ಸೊನ್ನೆಯ ಬದಲು ಅದನ್ನು ಒತ್ತಿದ್ದಾರೆ ಎಂದು ವಾಹನ ನೋಡದೆಯೇ ಹೇಳಬಹುದು.

ಹತ್ತನೆಯ ಸ್ಥಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ವಾಹನ ಕೊಳ್ಳುವವರು ಕೇಳುವುದೆಲ್ಲ ಅದರ ಬಗ್ಗೆಯೇ. ಅಲ್ಲಿ ಸಾಮಾನ್ಯವಾಗಿ ವರ್ಷದ ಸಂಕೇತವಿರುತ್ತದೆ. 2001ರಿಂದ 2009ರವರೆಗೆ 1ರಿಂದ 9 ಅಂಕಿಗಳು, 2010ಕ್ಕೆ ಎ, 2011ಕ್ಕೆ ಬಿ, ಹೀಗೆ ಮುಂದುವರಿದು 2018ಕ್ಕೆ ಜೆ, 2020ಕ್ಕೆ ಎಲ್, 2023ಕ್ಕೆ ಪಿ, 2024ಕ್ಕೆ ಆರ್. ನಿಷಿದ್ಧವಾದ ಮೂರು ಅಕ್ಷರಗಳ ಜೊತೆಗೆ ಯು ಮತ್ತು ಝಡ್ ಅಕ್ಷರಗಳನ್ನೂ ಸೊನ್ನೆಯನ್ನೂ ವರ್ಷಕ್ಕೆ ಬಳಸುವುದಿಲ್ಲ. ಉಳಿದ 30 ಸಂಕೇತಗಳು ಮುಗಿದ ಮೇಲೆ ಚಕ್ರ ಮತ್ತೆ ಆರಂಭವಾಗುವುದರಿಂದ ‘ಎ’ ಎಂದರೆ 1980 ಕೂಡ ಆಗಬಹುದು, ಆದರೆ ವಾಹನವನ್ನು ಕಣ್ಣೆದುರು ಇಟ್ಟುಕೊಂಡವರಿಗೆ ಅದೊಂದು ಗೊಂದಲವೇ ಅಲ್ಲ. ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಕಾರನ್ನು ಮಾರುವವರು ಯಾವಾಗಲೂ ನೋಂದಣಿಯ ವರ್ಷವನ್ನೇ ಹೇಳುತ್ತಾರೆ. ಅಂಥ ಕಡೆ ಈ ಒಂದು ಅಕ್ಷರ ಬೆಲೆಯ ಮಾತುಕತೆಯಲ್ಲಿ ಸಾಕಷ್ಟು ವ್ಯತ್ಯಾಸ ಮಾಡುತ್ತದೆ. ಆದರೆ ಇದನ್ನೇ ಕೊನೆಯ ಮಾತು ಎಂದು ಹಿಡಿಯಬಾರದು. ಮಾರುತಿಯ ಹಳೆಯ ಕಾರುಗಳ ಎಷ್ಟೋ ನಂಬರುಗಳಲ್ಲಿ ಹತ್ತನೆಯ ಜಾಗದಲ್ಲಿ ಬರಿಯ ಸೊನ್ನೆ ಇರುತ್ತದೆ, ಅದರಿಂದ ವರ್ಷ ತಿಳಿಯುವುದಿಲ್ಲ. ತಿಂಗಳನ್ನು ಸೂಚಿಸುವ ರೀತಿಯಂತೂ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ತಿಂಗಳು ಮತ್ತು ವರ್ಷಕ್ಕೆ ನಾನು ಆರ್‌ಸಿಯಲ್ಲಿ ನಮೂದಾಗಿರುವ ತಯಾರಿಕೆಯ ವಿವರವನ್ನೇ ನೋಡಿ, ಹತ್ತನೆಯ ಅಕ್ಷರವನ್ನು ತಾಳೆಗೆ ಮಾತ್ರ ಇಟ್ಟುಕೊಳ್ಳುತ್ತೇನೆ.

“ಸಾರ್, ಇಂಟರ್ನೆಟ್ಟಲ್ಲಿ ಹಾಕಿದ್ರೆ ಈ ಚಾಸಿಸ್ ನಂಬರೇ ಸುಳ್ಳು ಅಂತ ಬರ್ತದೆ” ಎಂದು ಗಾಬರಿಯಿಂದ ಫೋನ್ ಮಾಡುವವರು ಆಗಾಗ ಇರುತ್ತಾರೆ. ಇದರ ಕಾರಣ ಒಂಬತ್ತನೆಯ ಸ್ಥಾನ. ಅಮೆರಿಕ ಮತ್ತು ಕೆನಡಾದಲ್ಲಿ ಅಲ್ಲಿ ಪರೀಕ್ಷಾ ಅಂಕಿ ಇರುವುದು ಕಡ್ಡಾಯ. ಪ್ರತಿ ಅಕ್ಷರಕ್ಕೂ ಒಂದು ಬೆಲೆ ಕೊಟ್ಟು, ಅದನ್ನು ಆ ಸ್ಥಾನಕ್ಕೆ ಗೊತ್ತುಪಡಿಸಿದ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಒಂಬತ್ತನೆಯ ಅಂಕಿಯಾಗಬೇಕು. ಶೇಷ 10 ಆದರೆ ಎಕ್ಸ್. ತೂಕಗಳು ಕ್ರಮವಾಗಿ 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಹದಿನೇಳು ಜಾಗದಲ್ಲೂ 1 ಬರೆದು ನೋಡಿ: ಮೊತ್ತ 89, ಹನ್ನೊಂದೆಂಟಲ ಎಂಬತ್ತೆಂಟು ಕಳೆದರೆ ಶೇಷ 1, ಒಂಬತ್ತನೆಯ ಜಾಗದಲ್ಲಿರುವುದೂ 1. ಹೀಗಾಗಿ ಇದೇ ಲೆಕ್ಕ ಹಾಕುವ ಇಂಟರ್ನೆಟ್ ಪರೀಕ್ಷೆಯಲ್ಲಿ ಯಾವ ವಾಹನಕ್ಕೂ ಸೇರದ ಆ ನಂಬರ್ ಪಾಸಾಗುತ್ತದೆ, ಕುಂದಾಪುರದ ಅಸಲಿ ಕಾರು ಫೇಲಾಗುತ್ತದೆ, ಏಕೆಂದರೆ ಭಾರತದಲ್ಲಿ ಈ ಪರೀಕ್ಷಾ ಅಂಕಿ ಕಡ್ಡಾಯವಲ್ಲ ಮತ್ತು ಇಲ್ಲಿನ ತಯಾರಕರು ಆ ಜಾಗವನ್ನು ಬೇರೆ ವಿವರಕ್ಕೆ ಬಳಸಿಕೊಳ್ಳುತ್ತಾರೆ. ನಮ್ಮ ವಾಹನಗಳಿಗೆ ಸರ್ಕಾರದ ನೋಂದಣಿ ದಾಖಲೆಯಾದ ‘ವಾಹನ್’ ದತ್ತಾಂಶವನ್ನು ತೋರಿಸುವ ಎಂಪರಿವಾಹನ್ ಆ್ಯಪ್ ಸಾಕು.

ಕರಾವಳಿಯಲ್ಲಿ ಕಳ್ಳರಿಗಿಂತ ದೊಡ್ಡ ತೊಂದರೆ ತುಕ್ಕು. ಸಮುದ್ರದ ಪಕ್ಕ ಮೀನು ಸಾಗಿಸುವ ವಾಹನಗಳ ಚಾಸಿಸ್ ಮೇಲೆ ಉಪ್ಪುನೀರು ಸೋರಿ ಸೋರಿ ಕೊರೆದ ಅಕ್ಷರಗಳೇ ಪದರ ಪದರವಾಗಿ ಏಳುತ್ತವೆ. ಓದಲು ಅನುಕೂಲವಾಗಲೆಂದು ಗ್ಯಾರೇಜಿನವರು ಗ್ರೈಂಡರ್ ಹಿಡಿಯುವುದನ್ನು ನಾನು ಕಟ್ಟುನಿಟ್ಟಾಗಿ ತಡೆಯುತ್ತೇನೆ, ಉಜ್ಜಿದ ಗುರುತು ಒಮ್ಮೆ ಬಿದ್ದರೆ ಅದು ತುಕ್ಕಿನ ಕೆಲಸವೋ ಕೈಯ ಕೆಲಸವೋ ಎಂದು ಆಮೇಲೆ ಯಾರೂ ಹೇಳಲಾರರು. ಮೃದುವಾದ ಬ್ರಷ್ಷಿನಿಂದ ಉಜ್ಜಿದರೂ ಅಕ್ಷರ ಕಾಣದಿದ್ದರೆ ಎಂಜಿನ್ ನಂಬರನ್ನೂ ತಯಾರಕರ ಪ್ಲೇಟನ್ನೂ ದಾಖಲಿಸಿಕೊಂಡು, ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಮರು ಪಂಚಿಂಗ್ ಮಾಡಿಸಲು ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸುತ್ತೇನೆ. ಆ ಅನುಮತಿಯ ಪ್ರತಿ ಕೈಗೆ ಬರುವವರೆಗೆ ಕಡತವನ್ನು ಮುಚ್ಚುವುದಿಲ್ಲ.